ಮೊಟ್ಟೆಗಾಡಿಯ ಮೂರು ಬಾಗಿಲು

ನಮ್ಮ ಗಾಡಿಯನ್ನು ಮೊದಲ ಸಲ ನೋಡಿದವರು ಅದೇನೆಂದು ಸರಿಯಾಗಿ ಹೇಳಿದ್ದೇ ಇಲ್ಲ. ಒಮ್ಮೆ ಧಾರಾಪುರದ ದಾರಿಯಲ್ಲಿ ಹುಣಸೆಮರದ ಕೆಳಗೆ ನಿಲ್ಲಿಸಿ ಅನ್ನಕ್ಕಿಟ್ಟಿದ್ದೆ. ಕುಕ್ಕರ್ ಕೂಗಿದ ಮೇಲೆ ಹೊರಗೆ ಇಣುಕಿದರೆ ಏಳೆಂಟು ಹೆಂಗಸರು ಕೂಸುಗಳನ್ನು ಸೊಂಟಕ್ಕೇರಿಸಿಕೊಂಡು ಸಾಲಾಗಿ ನಿಂತಿದ್ದಾರೆ. ಪೋಲಿಯೋ ಹನಿ ಹಾಕುವವರು ಬಂದಿದ್ದಾರೆ ಅಂದುಕೊಂಡಿದ್ದರಂತೆ. ಕೂಸುಗಳ ಕೈಗೆ ಒಂದೊಂದು ಬಿಸ್ಕತ್ತು ಕೊಟ್ಟು, ತಾಯಂದಿರನ್ನು ಒಳಗೆ ಕರೆದು ಮಂಚ, ಒಲೆ, ಸೊಳ್ಳೆಪರದೆ ಎಲ್ಲ ತೋರಿಸಿ, ನಗಿಸಿ ಕಳಿಸಿದೆ. ಅವಿನಾಶಿಯ ಹತ್ತಿರ ಒಬ್ಬ ಪೊಲೀಸಪ್ಪನಂತೂ ಅದನ್ನು ಐಸ್‌ಕ್ರೀಂ ಗಾಡಿ ಅಂತಲೇ ಕೊನೆವರೆಗೂ ನಂಬಿದ್ದ.

ಅದು ಟ್ರೇಲರ್. ಜೀಪಿನ ಹಿಂದೆ ಕೊಕ್ಕೆಗೆ ಸಿಕ್ಕಿಸಿ ಎಳೆದುಕೊಂಡು ಹೋಗಿ, ಬೇಕಾದಲ್ಲಿ ನಿಲ್ಲಿಸಿ, ಒಳಗೇ ಉಂಡು ಮಲಗಬಹುದಾದ ಪುಟ್ಟ ಮನೆ. ಎರಡು ಚಕ್ರ, ಎರಡು ಕಿಟಕಿ, ಅಲ್ಯೂಮಿನಿಯಂ ತಗಡಿನ ದುಂಡನೆಯ ಮೈ; ಮೊಟ್ಟೆಯ ಹಾಗಿದ್ದದ್ದರಿಂದ ನಮ್ಮ ಬಾಯಲ್ಲಿ ಅದು ಮೊಟ್ಟೆಗಾಡಿ. ಯಾವುದೋ ಕಾಲದಲ್ಲಿ ಬೆಟ್ಟದ ಮೇಲಿನ ಟೀ ಎಸ್ಟೇಟಿನ ದೊರೆಯೊಬ್ಬ ತರಿಸಿದ್ದಂತೆ. ನಮ್ಮವರ ಕಣ್ಣಿಗೆ ಬೀಳುವ ಹೊತ್ತಿಗೆ ಆನೈಮಲೈ ಹತ್ತಿರದ ಒಂದು ತೆಂಗಿನತೋಟದಲ್ಲಿ ಕೋಳಿಗೂಡಾಗಿ ಕೂತಿತ್ತು. ಪಂಪಿನ ಮೋಟಾರ್ ರಿಪೇರಿಗೆಂದು ಹೋದ ಮನುಷ್ಯ ಮೋಟಾರ್ ಬಿಟ್ಟು ಕೋಳಿಗೂಡಿನ ಸುತ್ತ ಸುತ್ತಿದ್ದಾರೆ. ತೋಟದವರು ನಕ್ಕು, ಬೇಕಿದ್ದರೆ ಎಳೆದುಕೊಂಡು ಹೋಗಪ್ಪಾ ಅಂದರಂತೆ.

ತುಡಿಯಲೂರಿನಲ್ಲಿ ನಮ್ಮವರದೊಂದು ಲೇತ್ ವರ್ಕ್‌ಶಾಪ್ ಇತ್ತು. ಅಲ್ಲಿ ಎಂಟು ತಿಂಗಳು ಅದರ ಆಕ್ಸಲ್ ತಿದ್ದಿ, ತಗಡು ತಟ್ಟಿ, ಕೋಳಿಹಿಕ್ಕೆ ಕೆರೆದು, ಒಳಗೆ ಹಲಗೆಯಲ್ಲಿ ಮಂಚ ಮಾಡಿ, ಮೂರು ಬಾಗಿಲಿನ ಒಂದು ಬೀರು ಕೂರಿಸಿದರು. ಆ ಕೋಳಿವಾಸನೆ ಪೂರ್ತಿ ಹೋಗಲು ಎರಡು ಬೇಸಿಗೆ ಬೇಕಾಯಿತು. ಮದುವೆಯಾಗಿ ನಾಲ್ಕನೇ ತಿಂಗಳಿಗೆ ನನ್ನನ್ನು ಅದರೊಳಗೆ ಕೂರಿಸಿ, "ಹೆಂಗಿದೆ ಕಣ್ಣು?" ಅಂದರು. ಈ ಕಡೆ ಪ್ರೀತಿ ಬಂದರೆ ಎದುರಿನವರನ್ನು ಕಣ್ಣು ಅನ್ನುತ್ತಾರೆ. ನಾನು ಮೂಗು ಮುಚ್ಚಿಕೊಂಡೇ ಚೆನ್ನಾಗಿದೆ ಅಂದೆ.

ನಾನು ತುಮಕೂರಿನವಳು. ಕೆಲಸದ ಮೇಲೆ ಕೊಯಮತ್ತೂರಿಗೆ ಬಂದು ಆರ್.ಎಸ್. ಪುರಂನ ಒಂದು ಆಫೀಸಿನಲ್ಲಿ ಕೂತವಳು. ಅವರದು ಸೋಮನೂರಿನ ನೇಕಾರರ ಮನೆ. ಎಷ್ಟೋ ತಲೆಮಾರಿನಿಂದ ಇಲ್ಲೇ ಇದ್ದು, ಮನೆಯೊಳಗೆ ಮಾತ್ರ ಕನ್ನಡ ಉಳಿಸಿಕೊಂಡವರು. ಆಫೀಸಿಗೆ ಏನೋ ಕೆಲಸಕ್ಕೆ ಬಂದು ನಾನು ಫೋನಿನಲ್ಲಿ ಅಮ್ಮನ ಜೊತೆ ಆಡುತ್ತಿದ್ದ ಮಾತು ಕೇಳಿಸಿಕೊಂಡು, "ನೀಂಗ ನಮ್ಮ ಮಾತು ಆಡ್ತೀರಾ?" ಅಂದರು. ತಮಿಳಿನ ರಾಗದಲ್ಲಿ ಬಂದ ಆ ಕನ್ನಡಕ್ಕೆ ನಾನು ಬಿದ್ದು ಬಿದ್ದು ನಕ್ಕಿದ್ದೆ. ನಗಿಸಿದ ತಪ್ಪಿಗೆ ಇಪ್ಪತ್ತೊಂಬತ್ತು ವರ್ಷ ನನ್ನನ್ನು ಕಟ್ಟಿಕೊಂಡು ಏಗಿದರು.

ಒಂದು ವಿಷಯದಲ್ಲಿ ಮಾತ್ರ ನಾವಿಬ್ಬರೂ ಜಗಮೊಂಡರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಸ್ಕೂಲಿನಲ್ಲಿ ಕಲಿತದ್ದು ತಮಿಳು. ನನಗೆ ತಮಿಳು ಮಾತಾಡಲು ಬೇಗ ಬಂತು, ಆದರೆ ಅಕ್ಷರ ಕಲಿಯಲಿಲ್ಲ. ಬಸ್ಸಿಗೆ ನಂಬರ್ ಇತ್ತು, ಆಫೀಸಿಗೆ ಇಂಗ್ಲಿಷ್ ಇತ್ತು. ಮೊದಲ ವರ್ಷ ಅವರು ನನಗೊಂದು ಒಂದನೇ ತರಗತಿಯ ತಮಿಳು ಪುಸ್ತಕ ತಂದರು. ನಾನು ಊರಿಂದ ಅವರಿಗೊಂದು ಕನ್ನಡದ ಅಕ್ಷರಮಾಲೆ ತಂದೆ. ಮೊದಲು ನೀವು ಕಲಿಯಿರಿ ಅಂತ ನಾನು, ನೀನು ಮೊದಲು ಅಂತ ಅವರು. ಎರಡು ಪುಸ್ತಕಗಳೂ ಗಾಡಿಯ ಡ್ರಾಯರಿನಲ್ಲಿ ಬಿದ್ದುಕೊಂಡವು. ಸೆಖೆಯಾದಾಗ ಬೀಸಿಕೊಳ್ಳಲು ಬಳಸುತ್ತಿದ್ದೆವು.

ಆ ಗಾಡಿಯಲ್ಲಿ ನಾವು ಹೋಗದ ದಾರಿಯಿಲ್ಲ ಅಂತ ಜಂಬ ಕೊಚ್ಚಿಕೊಳ್ಳಲಾರೆ. ವಾಲ್ಪಾರೈಯ ತಿರುವುಗಳನ್ನು ಅದು ಹತ್ತಲೇ ಇಲ್ಲ. ಆದರೆ ಆಳಿಯಾರ್, ತಿರುಮೂರ್ತಿ ಮಲೆ, ಅಮರಾವತಿ ಅಣೆಕಟ್ಟು, ಗಾಳಿಯಂತ್ರಗಳ ಸಾಲು ಹಿಡಿದು ಉಡುಮಲೈ ರಸ್ತೆ, ರಜೆ ಜಾಸ್ತಿ ಸಿಕ್ಕರೆ ರಾಮೇಶ್ವರದವರೆಗೂ ಹೋಗಿದ್ದೇವೆ. ಹೊರಡುವ ದಿನ ನನಗೆ ಬೆಳಗಾಗುವ ಮುಂಚೆಯೇ ಎಚ್ಚರವಾಗುತ್ತಿತ್ತು. ಚಟ್ನಿಪುಡಿ, ಉಪ್ಪಿನಕಾಯಿ, ಬಾಟಲಿಯಲ್ಲಿ ಎಣ್ಣೆ, ನೀರಿನ ಕ್ಯಾನು, ಎರಡು ಚಾದರ. ನನ್ನ ಜೀವಮಾನದಲ್ಲಿ ಅಷ್ಟು ಕಡಿಮೆ ಸಾಮಾನಿಟ್ಟುಕೊಂಡು ಅಷ್ಟು ಸುಖವಾಗಿ ಇದ್ದದ್ದು ಬೇರೆಲ್ಲೂ ಇಲ್ಲ.

ಗಾಡಿ ನಿಲ್ಲಿಸುವುದಕ್ಕೆ ಇಬ್ಬರು ಬೇಕು. ಅವರು ಜೀಪನ್ನು ಹಿಂದಕ್ಕೆ ತರುವರು, ನಾನು ಹಿಂದೆ ನಿಂತು ಅಂಗೈಯಲ್ಲಿ ತಗಡು ಬಡಿಯುವೆ: ಒಂದೇ ಸಮನೆ ಬಡಿದರೆ ಬರಲಿ ಅಂತ, ಜೋರಾಗಿ ಎರಡು ಬಿಟ್ಟರೆ ನಿಲ್ಲಲಿ ಅಂತ. ಚಕ್ರಕ್ಕೆ ಕಲ್ಲು ಕೊಡುವುದೂ ನಾನೇ. ಆಮೇಲೆ ಒಂದು ಗಾಜಿನ ಲೋಟದಲ್ಲಿ ನೀರು ಹಾಕಿ ನೆಲದ ಮೇಲಿಟ್ಟು, ಗಾಡಿ ಯಾವ ಕಡೆ ವಾಲಿದೆ ನೋಡಬೇಕು. ವಾಲಿದೆ ಅಂತ ನಾನು, ಇಲ್ಲ ಅಂತ ಅವರು. ಅದರ ಮೇಲೆ ಒಂದು ಸುತ್ತು ಜಗಳವಾಗದೆ ನಮ್ಮ ಕಾಫಿ ಇಳಿಯುತ್ತಿರಲಿಲ್ಲ.

ಕಾಫಿಯಾದ ಮೇಲೆ ಅವರು ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು, ಬೀರುವಿನ ಬಾಗಿಲು ತೆರೆದು, ಒಳಬದಿಯ ಬರಿಯ ಹಲಗೆಯ ಮೇಲೆ ಎರಡು ಮೂರು ಸಾಲು ಬರೆಯುತ್ತಿದ್ದರು. ಪ್ರತಿ ಪ್ರಯಾಣದಲ್ಲೂ. ತಮಿಳಿನ ಆ ಗುಂಡುಗುಂಡು ಅಕ್ಷರಗಳು ನನಗೆ ಜೋಡಿಸಿಟ್ಟ ಬೋಲ್ಟು ನಟ್ಟುಗಳ ಹಾಗೆ ಕಾಣುತ್ತಿದ್ದವು. "ಏನದು, ಟೈರಿಗೆ ಗಾಳಿ ಹಾಕಿದ ಲೆಕ್ಕವಾ?" ಅಂದರೆ, "ಆಮಾ, ಅದೇ. ಬೇಕಿದ್ರೆ ಕಲ್ತು ಓದಿಕೋ ಕಣ್ಣು" ಅನ್ನುತ್ತಿದ್ದರು. ಗ್ರೀಸು, ಗಾಳಿ, ಕಿಲೋಮೀಟರು ಓದಲು ನಾನ್ಯಾಕೆ ಕಲಿಯಲಿ ಅಂತ ನಾನು ತರಕಾರಿ ಹೆಚ್ಚುತ್ತಿದ್ದೆ.

ಕೊನೆಯ ಸಲ ಅಮರಾವತಿಗೆ ಹೋಗಿದ್ದಾಗ ಬೀರುವಿನ ನಡುವಿನ ಬಾಗಿಲಿನ ಕೀಲು ಮುರಿಯಿತು. ಹೊಸದು ಹಾಕಿಕೊಡುತ್ತೇನೆಂದು ಅವರು ಆ ಬಾಗಿಲನ್ನು ಬಿಚ್ಚಿ ಮನೆಗೆ ತಂದರು. ಅದಾದ ಒಂದು ವಾರಕ್ಕೆ, ಮನೆಯ ಹಿಂದಿನ ಶೆಡ್ಡಿನಲ್ಲಿ ನಿಂತಿದ್ದ ಗಾಡಿಯೊಳಗೆ ಒಂದು ಮಧ್ಯಾಹ್ನ ಬಹಳ ಹೊತ್ತು ಕೂತಿದ್ದರು. ಒಳಗಿನಿಂದ, "ಸ್ವಲ್ಪ ಬಾ ಇಲ್ಲಿ" ಅಂದದ್ದು ಕೇಳಿಸಿತು. "ಕೈಯೆಲ್ಲ ಹಿಟ್ಟಾಗಿದೆ, ಇರಿ" ಅಂದೆ. ಕೈ ತೊಳೆದುಕೊಂಡು ಹೋಗುವಷ್ಟರಲ್ಲಿ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಅವರೇ ಇಳಿದು ಬಂದರು. ಏನು ಅಂತ ಕೇಳಿದೆ. ಏನಿಲ್ಲ, ಧೂಳು ಒರೆಸ್ತಿದ್ದೆ ಅಂದರು.

ಹನ್ನೊಂದು ದಿನ ಕಳೆದು, ವರ್ಕ್‌ಶಾಪಿನಲ್ಲಿ ಲೇತಿನ ಮುಂದೆ ಕುಸಿದು ಕೂತವರು ಏಳಲಿಲ್ಲ. ಹೃದಯ, ಅಂದರು. ಆಮೇಲೆ ಅವರ ಮೇಜಿನೊಳಗೆ ಡಾಕ್ಟರ ಚೀಟಿಗಳು ಸಿಕ್ಕವು. ಆರು ತಿಂಗಳಿಂದ ಒಬ್ಬರೇ ಹೋಗಿ ತೋರಿಸಿಕೊಳ್ಳುತ್ತಿದ್ದರು. ನನಗೆ ಬಂದ ಮೊದಲ ಭಾವನೆ ದುಃಖವಲ್ಲ, ಸಿಟ್ಟು. ಉಪ್ಪು ಜಾಸ್ತಿಯಾದರೆ ಇಡೀ ಬೀದಿಗೆ ಹೇಳುವ ಮನುಷ್ಯ, ಇದನ್ನು ನನಗೆ ಹೇಳಲಿಲ್ಲವಲ್ಲ.

ಆ ಸಿಟ್ಟಿನಲ್ಲೇ ಗಾಡಿ ಕೊಟ್ಟುಬಿಟ್ಟೆ. ಅಡುಗೆಮನೆಯ ಕಿಟಕಿ ತೆರೆದರೆ ಶೆಡ್ಡು, ಶೆಡ್ಡಿನಲ್ಲಿ ಅದು. ನನಗೆ ಜೀಪು ಓಡಿಸಲು ಬರುವುದಿಲ್ಲ; ಓಡಿಸಿದರೂ ಹಿಂದೆ ನಿಂತು ತಗಡು ಬಡಿಯುವವರು ಯಾರು? ಒಂದು ವರ್ಷ ಟಾರ್ಪಾಲು ಹೊದಿಸಿ ನೋಡಿದೆ. ಟಾರ್ಪಾಲಿನ ಕೆಳಗೂ ಅದರ ಆಕಾರ ಕಾಣುತ್ತಿತ್ತು. ಆನೈಮಲೈಯ ಅದೇ ತೆಂಗಿನತೋಟದವರ ಮಗಳು ಸಿಕ್ಕಿ, ತೋಟಕ್ಕೆ ಬರುವ ಅತಿಥಿಗಳಿಗೆ ಇಡಲು ಕೊಡುತ್ತೀರಾ ಆಂಟಿ ಅಂತ ಕೇಳಿದಾಗ, ನಾಳೆಯೇ ತೆಗೆದುಕೊಂಡು ಹೋಗಮ್ಮಾ ಅಂದೆ. ಹೋಗುವಾಗ ನಾನು ಹೊರಗೆ ಬರಲಿಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ.

ಎರಡು ವಾರದ ಮೇಲೆ ಅಲ್ಲಿಂದ ಪೇಂಟರ್ ಒಬ್ಬ ಫೋನ್ ಮಾಡಿದ. ತೋಟದ ಹುಡುಗಿ ನಂಬರ್ ಕೊಟ್ಟಿದ್ದಳಂತೆ. ತಮಿಳಿನಲ್ಲೇ ಹೇಳಿದ: "ಅಮ್ಮಾ, ಬೀರು ಬಾಗಿಲ ಒಳಗೆ ಪೆನ್ಸಿಲಿನಲ್ಲಿ ಬರೆದದ್ದಿದೆ. ಒಂದು ಬಾಗಿಲ ತುಂಬಾ ಇದೆ, ಇನ್ನೊಂದರಲ್ಲಿ ನಾಲ್ಕೇ ಸಾಲು. ನಡುವಿನ ಬಾಗಿಲು ಇಲ್ಲವೇ ಇಲ್ಲ. ಉಜ್ಜಿ ಬಣ್ಣ ಹೊಡೆಯಲಾ?"

"ಹೊಡೆಯಪ್ಪಾ. ಟೈರಿನ ಲೆಕ್ಕ ಅದು" ಅಂದೆ.

"ಲೆಕ್ಕದ ಹಾಗಿಲ್ಲಮ್ಮಾ. ಅಕ್ಷರ ತಮಿಳೇ, ಓದಿದರೆ ಮಾತ್ರ ಒಂದೂ ಅರ್ಥ ಆಗುತ್ತಿಲ್ಲ."

ಅವನು ಅಷ್ಟು ಬಿಡಿಸಿ ಹೇಳಿದ. ಬಣ್ಣ ಹೊಡೆಯಲು ಬಂದವನು ಕುಂಚ ಕೆಳಗಿಟ್ಟು, ಫೋನ್ ಮಾಡಿ, ತನಗೆ ಸಂಬಂಧವಿಲ್ಲದ ನಾಲ್ಕು ಸಾಲಿಗಾಗಿ ಎರಡು ಸಲ ಕೇಳಿದ. ನಾನು, ವರ್ಕ್‌ಶಾಪಿನವರ ಭಾಷೆ ಹಾಗೇ ಇರುತ್ತೆ, ನಿನ್ನ ಕೆಲಸ ನೀನು ಮಾಡು ಅಂತ ಫೋನ್ ಇಟ್ಟೆ. ಒಲೆಯ ಮೇಲೆ ಹಾಲಿತ್ತು.

ಕೀಲು ಮುರಿದ ನಡುವಿನ ಬಾಗಿಲು ಮನೆಯಲ್ಲೇ ಉಳಿದಿತ್ತು. ಒಳ್ಳೆಯ ಹಲಗೆ. ಬರೆದ ಕಡೆಯನ್ನು ಕೆಳಗೆ ಮಾಡಿ ತಾರಸಿಯ ಮೇಲೆ ಎರಡು ಇಟ್ಟಿಗೆಗೆ ಕೊಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರಲ್ಲಿ ಸಂಡಿಗೆ ಒಣಗಿಸುತ್ತಿದ್ದೆ. ಈ ಮಾರ್ಚಿನಲ್ಲಿ ಸೋಮನೂರಿನಿಂದ ನನ್ನ ನಾದಿನಿ ಬಂದಳು. ಅವರ ತಂಗಿ. ಜೀವಮಾನವೆಲ್ಲ ಪವರ್‌ಲೂಮಿನ ಸದ್ದಿನಲ್ಲಿ ಕಳೆದವಳಾದ್ದರಿಂದ ಅವಳು ಗುಟ್ಟು ಹೇಳಿದರೂ ಮೂರು ಮನೆಗೆ ಕೇಳುತ್ತದೆ. ಸಂಡಿಗೆ ಬಾಚಿಕೊಂಡಾದ ಮೇಲೆ ಹಲಗೆಯನ್ನು ಗೋಡೆಗೆ ಒರಗಿಸಲು ಎತ್ತಿದವಳು, ಎತ್ತಿದಂತೆಯೇ ನಿಂತುಬಿಟ್ಟಳು.

"ಇದು ಅಣ್ಣನ ಎಳುತ್ತು ಅಲ್ವಾ ಅತ್ತಿಗೆ?"

ಹೌದು, ಅವರದೇ ಬರಹ, ಟೈರಿನ ಲೆಕ್ಕ ಬರೀತಿದ್ದರು, ನಿಮ್ಮ ತಮಿಳಿನಲ್ಲಿ, ಅಂದೆ.

ಅವಳು ಕಣ್ಣು ಕಿರಿದು ಮಾಡಿ ತುಟಿ ಆಡಿಸಿದಳು. ಆಮೇಲೆ, ಹುಟ್ಟಿದಾಗಿನಿಂದ ಮೊದಲ ಸಲವೇನೋ ಎನ್ನುವಂತೆ, ಮೆಲ್ಲಗೆ ಮಾತಾಡಿದಳು. "ಇದು ತಮಿಳಲ್ಲ ಅತ್ತಿಗೆ. ಅಕ್ಷರಂ ಮಾತ್ರ ತಮಿಳು. ಇದು ನಮ್ಮ ಮಾತು."

ನನಗೆ ತಕ್ಷಣ ತಿಳಿಯಲಿಲ್ಲ. ಓದು ಅಂದೆ. ಅವಳು ಮೇಲಿನಿಂದ ಶುರು ಮಾಡಿದಳು. "ಆಳಿಯಾರ್. ಮಳೆ. ಅವಳು ಉಪ್ಪಿಟ್ಟಿಗೆ ಉಪ್ಪು ಹಾಕಿಲ್ಲ. ನಾನು ಹೇಳಿಲ್ಲ. ಎರಡು ಸಲ ಹಾಕಿಸ್ಕೊಂಡು ತಿಂದೆ."

ಅಣ್ಣ ತಂಗಿಯರದು ಒಂದೇ ರಾಗ. ಅದೇ ಎಳೆತ, ಅದೇ ಜಾಗದಲ್ಲಿ ಏರಿಳಿತ. ಸುಡುವ ತಾರಸಿಯ ಮೇಲೆ ನಾನು ಬರಿಗಾಲಲ್ಲಿ ನಿಂತಿದ್ದೆ, ಕಾಲು ಸುಡುತ್ತಿರುವುದು ಗೊತ್ತಾಗಲಿಲ್ಲ.

"ಉಡುಮಲೈ ರೋಡು. ಪಂಚರ್. ಕಲ್ಲು ಇಡೋವಾಗ ಅವಳ ಬೆರಳು ಜಜ್ಜಿತು. ಭಯದಲ್ಲಿ ಬೈದುಬಿಟ್ಟೆ. ತಪ್ಪು ಅಂತ ಹೇಳಕ್ಕೆ ಬಾಯಿ ಬರಲಿಲ್ಲ."

ಆ ಬೈಗುಳ ನನಗೆ ನೆನಪಿತ್ತು. ಎರಡು ದಿನ ನಾನು ಮಾತು ಬಿಟ್ಟಿದ್ದೆ. ಆ ಎರಡು ದಿನವೂ ಅವರ ತಪ್ಪೊಪ್ಪಿಗೆ ನನ್ನ ಬೆನ್ನ ಹಿಂದೆ, ನಾನು ಸಾಸಿವೆ ಡಬ್ಬಿ ತೆಗೆಯಲು ಹತ್ತು ಸಲ ತೆರೆಯುವ ಬಾಗಿಲ ಮೇಲೆ ಇತ್ತು. ನಾದಿನಿ ಮೂರನೆಯದಕ್ಕೆ ಬೆರಳಿಟ್ಟಳು. ಸಾಕು, ಇನ್ನು ಓದಬೇಡ ಅಂತ ಕಿರುಚಿದೆ. ಅದು ನನಗೆ ಬರೆದದ್ದು. ಅವಳು ಅಳುತ್ತಾ ಹಲಗೆಯನ್ನು ನನ್ನ ಕೈಗೆ ಕೊಟ್ಟಳು. ಆಗ ಪೇಂಟರನ ಫೋನು ನೆನಪಾಯಿತು.

ಮಾರನೆಯ ಬೆಳಗ್ಗೆ ಮೊದಲ ಬಸ್ಸು ಹಿಡಿದು ಪೊಳ್ಳಾಚಿ, ಅಲ್ಲಿಂದ ಆನೈಮಲೈ. ಮಾಸಾಣಿ ಅಮ್ಮನ ಗುಡಿಗೆ ಹೊರಟ ಹೆಂಗಸರಿಂದ ಬಸ್ಸು ತುಂಬಿತ್ತು. ನನ್ನ ಪಕ್ಕದಲ್ಲಿ ಕೂತವಳು, ನೀವೂ ಹರಕೆಗಾ ಅಂತ ಕೇಳಿದಳು. ಹೌದಮ್ಮಾ ಅಂದೆ. ಒಂದು ಬಾಗಿಲಿಗೆ ಬಣ್ಣ ಹೊಡೆಯಲು ಮರೆತುಹೋಗಿರಲಿ ತಾಯೀ, ಒಂದೇ ಒಂದು, ಅಂತ ದಾರಿಯುದ್ದಕ್ಕೂ ಬೇಡಿಕೊಂಡೆ. ಪೇಂಟರ್ ಸೋಮಾರಿಯಾಗಿರಲಿ ಅಂತಲೂ ಬೇಡಿಕೊಂಡೆ.

ಅವನು ಸೋಮಾರಿಯಾಗಿರಲಿಲ್ಲ. ಬಹಳ ಅಚ್ಚುಕಟ್ಟಿನ ಕೆಲಸಗಾರ. ಗಾಡಿ ತೆಂಗಿನ ನೆರಳಲ್ಲಿ ಮದುವಣಗಿತ್ತಿಯ ಹಾಗೆ ನಿಂತಿತ್ತು. ಒಳಗೆ ಬೀರುವಿಗೆ ತಿಳಿನೀಲಿ, ನಡುವೆ ಹೊಸದೊಂದು ಬಾಗಿಲು. ಹಳೆಯ ಎರಡು ಬಾಗಿಲುಗಳ ಒಳಬದಿಯನ್ನೂ ಉಪ್ಪುಕಾಗದದಲ್ಲಿ ತಿಕ್ಕಿ, ಪುಟ್ಟಿ ಮೆತ್ತಿ, ಎರಡು ಕೈ ಬಣ್ಣ ಹೊಡೆದಿದ್ದ. ಬಣ್ಣ ಕೆರೆದರೆ ಸಿಗಬಹುದಾ ಅಂತ ಕೇಳಿದೆ. ತೋಟದ ಹುಡುಗಿ ಅವನಿಗೆ ಫೋನ್ ಮಾಡಿ ಕೊಟ್ಟಳು. "ಮರವೇ ತೆಳುವಾಗುವಷ್ಟು ತಿಕ್ಕಿದ್ದೇನಮ್ಮಾ. ನೀವು ಹೇಳಿದಿರಲ್ಲ" ಅಂದ. ಹೌದಪ್ಪಾ, ನಾನೇ ಹೇಳಿದ್ದು ಅಂದೆ.

ಬಲಗಡೆಯ ಬಾಗಿಲ ಮೇಲೆ, ನಾಲ್ಕು ಸಾಲು ಇದ್ದಿರಬಹುದಾದ ಕಡೆ, ಅಂಗೈಯಿಟ್ಟುಕೊಂಡು ಕೂತೆ. ನುಣುಪಾಗಿತ್ತು. ಹುಡುಗಿ ಪಾಪ ಎಳನೀರು ತಂದಿಟ್ಟಳು. ಹೊರಡುವಾಗ ಒಂದು ಚೀಲ ಕೊಟ್ಟಳು. ಡ್ರಾಯರಿನಲ್ಲಿದ್ದ ಸಾಮಾನು, ಎಸೆಯಲು ಮನಸ್ಸಾಗದೆ ಎತ್ತಿಟ್ಟಿದ್ದಳಂತೆ. ಗಾಜಿನ ಲೋಟ, ಸೊಳ್ಳೆಪರದೆಯ ಹಗ್ಗ, ಆ ಎರಡು ಪುಸ್ತಕ. ಕನ್ನಡದ ಅಕ್ಷರಮಾಲೆಯನ್ನು ಬಸ್ಸಿನಲ್ಲಿ ತೆರೆದು ನೋಡಿದೆ. ಅಆಇಈಯಿಂದ ಹಿಡಿದು ಟಠಡಢದವರೆಗೆ ಪ್ರತಿ ಅಕ್ಷರದ ಮೇಲೂ ಪೆನ್ಸಿಲಿನಲ್ಲಿ ತಿದ್ದಿದ ಗುರುತಿತ್ತು. ಅರ್ಧ ಪುಸ್ತಕ ಕಲಿತಿದ್ದರು, ಬಾಯಿಬಿಟ್ಟಿರಲಿಲ್ಲ. ತಮಿಳಿನ ಪುಸ್ತಕ ಮಾತ್ರ ಹೊಸದರಂತಿತ್ತು.

ಅರವತ್ತೊಂದನೇ ವಯಸ್ಸಿನಲ್ಲಿ ನಾನು ಆ ಪುಸ್ತಕ ಹಿಡಿದು ಕೂತೆ. ನಾದಿನಿ ಭಾನುವಾರ ಬಂದು ಪಾಠ ಒಪ್ಪಿಸಿಕೊಂಡು ಹೋಗುತ್ತಿದ್ದಳು. ಮಿಕ್ಕ ದಿನ ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಹಾಲಿನ ಪ್ಯಾಕೆಟ್ಟು, ಸಿಕ್ಕಿದ್ದನ್ನೆಲ್ಲ ಓದಿದೆ. ಇಷ್ಟು ವರ್ಷ ಓಡಾಡಿದ ಬೀದಿಗಳು ಏನೇನು ಅನ್ನುತ್ತಿದ್ದವೆಂದು ಈಗ ಗೊತ್ತಾಯಿತು. ಕಷ್ಟವೇನಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕೊಂದದ್ದು. ಎರಡೂವರೆ ತಿಂಗಳ ಕೆಲಸವನ್ನು ನಾನು ಇಪ್ಪತ್ತೊಂಬತ್ತು ವರ್ಷ ಮಾಡಿರಲಿಲ್ಲ.

ಆಮೇಲೆ ಬಾಗಿಲನ್ನು ಊಟದ ಮೇಜಿನ ಮೇಲೆ ಮಲಗಿಸಿಕೊಂಡು, ದಿನಕ್ಕೊಂದು ಪ್ರಯಾಣದಂತೆ ಓದಿದೆ. ತಮಿಳಿನ ಒಂದೇ ಅಕ್ಷರವನ್ನು ನಮ್ಮ ಎರಡು ಮೂರು ಅಕ್ಷರಕ್ಕೆ ಬಳಸಬೇಕು. ಯಾವ ಕಡೆ ಯಾವುದೆಂದು ಅವರ ಧ್ವನಿ ನೆನೆಸಿಕೊಂಡರೆ ತಿಳಿಯುತ್ತಿತ್ತು. ತಿರುಮೂರ್ತಿ ಮಲೆ: ಲೋಟ ನೋಡಿ ಅವಳು ಹೇಳಿದ್ದು ಸರಿ, ಗಾಡಿ ವಾಲಿತ್ತು, ಒಪ್ಪಿಕೊಳ್ಳಲಿಲ್ಲ. ರಾಮೇಶ್ವರ: ಅವಳು ಸಮುದ್ರ ನೋಡ್ತಾ ಇದ್ದಳು, ನಾನು ಅವಳನ್ನು ನೋಡ್ತಾ ಇದ್ದೆ. ಧಾರಾಪುರದ್ದು ಬಂದಾಗ ಪೋಲಿಯೋ ಕತೆ, ನಗೋಣ ಅಂತ ಕೂತೆ. "ಹೆಂಗಸರು ಕೂಸು ಎತ್ಕೊಂಡು ಬಂದರು. ಅವಳು ಎಲ್ಲಾರನ್ನೂ ನಗಿಸಿ ಕಳಿಸಿದಳು. ಆಮೇಲೆ ಒಳಗೆ ಹೋಗಿ ಅತ್ತಳು. ನಾನು ನೋಡಿಲ್ಲ ಅಂದ್ಕೊಂಡಿದ್ದಾಳೆ. ಕೂಸಿಲ್ಲ ಅಂತ ನನಗೆ ಒಂದು ದಿನವೂ ಕೊರತೆ ಅನಿಸಿಲ್ಲ ಅಂತ ಅವಳಿಗೆ ಹೆಂಗೆ ಹೇಳೋದು."

ಆ ದಿನ ಮುಂದೆ ಓದಲಾಗಲಿಲ್ಲ. ಮಕ್ಕಳಾಗಲಿಲ್ಲ ಅನ್ನುವುದು ನಮ್ಮ ಮನೆಯಲ್ಲಿ ಯಾರೂ ಎತ್ತದ ಮಾತು. ಅವರಿಗೆ ಒಳಗೊಳಗೇ ನೋವಿದೆ ಅಂತ ನಾನು ನನ್ನನ್ನೇ ಎಷ್ಟು ಬೈದುಕೊಂಡು ಬದುಕಿದ್ದೆ. ಉತ್ತರ ಸಾಸಿವೆ ಡಬ್ಬಿಯ ಮುಂದೆ ಇತ್ತು.

ನಿನ್ನೆ ಕೊನೆಯ ಸಾಲಿಗೆ ಬಂದೆ. ಹಲಗೆಯ ಅಂಚಿಗೆ ಅಕ್ಷರಗಳು ಸಣ್ಣಗೆ, ಒತ್ತೊತ್ತಾಗಿದ್ದವು. ಕನ್ನಡಕ ಒರೆಸಿಕೊಂಡು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿದೆ.

"ಅಮರಾವತಿ. ಕೀಲು ಮುರಿಯಿತು. ಡಾಕ್ಟರ್ ಹೇಳಿದ್ದು ಇನ್ನೂ ಅವಳಿಗೆ ಹೇಳಿಲ್ಲ. ಎದುರಿಗೆ ನಿಂತರೆ ಬಾಯಿ ಬರಲ್ಲ. ಈ ಬಾಗಿಲಲ್ಲಿ ಜಾಗ ಮುಗೀತು. ಅವಳಿಗೆ ಹೇಳಬೇಕಾದ್ದೆಲ್ಲಾ ಪಕ್ಕದ ಖಾಲಿ ಬಾಗಿಲಲ್ಲಿ ಬರೆದು, ಅವಳನ್ನ ಕೂರಿಸಿಕೊಂಡು ನಾನೇ ಓದಿ ಹೇಳ್ತೀನಿ."

ಆ ಮಧ್ಯಾಹ್ನ ಗಾಡಿಯೊಳಗಿನಿಂದ ಕರೆದಾಗ, ಕೈಯೆಲ್ಲ ಹಿಟ್ಟಾಗಿದೆ, ಇರಿ ಅಂದಿದ್ದೆ. ಮೂರು ಸಲ ಓದಿದೆ, ಎಲ್ಲೂ ತಡವರಿಸಲಿಲ್ಲ.